ಸ್ವಿಂಗ್ ಒಂದ ಕಡೆ ನಿಧಾನ: ಪಂಪ್ ಇಳಿಸಬೇಕೋ, ಮೋಟಾರ್ ಇಳಿಸಬೇಕೋ?

ಗದಗ ಕ್ವಾರಿ:
ನಮಸ್ಕಾರ್ರಿ ಎಲ್ಲಾರಿಗೂ. 20 ಟನ್ ಕ್ಲಾಸಿನ ಎಕ್ಸ್‌ಕವೇಟರ್, ಮೀಟರ್ 9,400 ಗಂಟೆ. ಮುಳಗುಂದ ಕಡೆ ಕಡಿ ಕ್ವಾರಿಯೊಳಗ ಕೆಲಸ, ಅರ್ಧ ಹೊತ್ತು ಬಕೆಟ್, ಅರ್ಧ ಹೊತ್ತು ಬ್ರೇಕರ್ (ಬಂಡಿ ಒಡಿಯೋ ಸುತ್ತಿಗಿ). ಸ್ವಿಂಗ್, ಅಂದ್ರ ಗಾಡಿಯ ಮ್ಯಾಲಿನ ಭಾಗ ತಿರಗೋದು, ಬಲಕ್ಕ ನಿಧಾನ ಆಗೇತಿ. ಬಕೆಟ್ ತುಂಬಿ ಇಳಿಜಾರಿನ್ಯಾಗ ಮ್ಯಾಲಿನ ಕಡೆ ಹೊಳ್ಳಸಾಕ ಹೋದ್ರ ಅರ್ಧಕ್ಕ ನಿಲ್ಲತೈತಿ. ಎಡಕ್ಕ ಚಲೋ ತಿರಗತೈತಿ, ಆದ್ರ ಎಡಕ್ಕ ತಿರಗಿ ಲಿವರ್ ಬಿಟ್ರ ಮೊದಲಿಗಿಂತ ಜಾಸ್ತಿ ಜಾರಿ ನಿಲ್ಲತೈತಿ. ಗ್ಯಾರೇಜಿನವರು ‘ಸ್ವಿಂಗ್ ಪಂಪ್ ಹೋಗೇತಿ, ಇಳಿಸ್ರಿ’ ಅಂತಾರ. ಇಳಿಸೋಕಿಂತ ಮೊದಲ ಏನೇನು ನೋಡಬೇಕು?

ತಾರಿಹಾಳ ಪಾನಾ:
ಇಳಿಸಬ್ಯಾಡ್ರಿ. ಮೊದಲನೇ ಮಾತು, ನಿಮ್ಮ ಗಾಡ್ಯಾಗ ‘ಸ್ವಿಂಗ್ ಪಂಪ್’ ಅನ್ನೋ ಬ್ಯಾರೆ ಸಾಮಾನ ಇಲ್ಲ. 20 ಟನ್ನಿನ ಗಾಡಿಗೆ ಎರಡು ದೊಡ್ಡ ಪಿಸ್ಟನ್ ಪಂಪು, ಅದರ ಬೆನ್ನಿಗೆ ಒಂದು ಸಣ್ಣ ಪೈಲಟ್ ಗೇರ್ ಪಂಪು (ಲಿವರಿನ ಹುಕುಂ ವಾಲ್ವಿಗೆ ಮುಟ್ಟಸೋ ಕಮ್ಮಿ ಒತ್ತಡದ್ದು), ಅಷ್ಟ. ಆ ಎರಡರಾಗ ಒಂದು ಸ್ವಿಂಗಿಗೂ ಆಯಿಲ್ ಕೊಡತೈತಿ, ಬ್ಯಾರೆ ಕೆಲಸಕ್ಕೂ ಕೊಡತೈತಿ. ನಮ್ಮ ಕಡೆ ಸ್ವಿಂಗ್ ಮೋಟಾರಿಗೇ ಸ್ವಿಂಗ್ ಪಂಪ್ ಅಂತ ಅಂದು ರೂಢಿ ಆಗೇತಿ. ಗ್ಯಾರೇಜಿನವರು ಯಾವುದು ಇಳಿಸ್ತೀವಿ ಅನ್ನಾಕತ್ತಾರ ಅಂತ ಬೆರಳು ತೋರಿಸಿ ಕೇಳ್ರಿ. ಎಂಜಿನ್ ಮಗ್ಗಲಕ ಇರೋದು ಪಂಪು, ಬೂಮಿನ ಬುಡದ ಹಿಂದ ನಡು ಮಧ್ಯ ನಿಂತಿರೋದು ಸ್ವಿಂಗ್ ಮೋಟಾರು.

ಪಂಪು ಹೋಗಿದ್ರ ಎರಡೂ ಕಡೆ ನಿಧಾನ ಆಗಬೇಕಿತ್ತು. ಒಂದ ಕಡೆ ನಿಧಾನ ಅಂದ್ರ ಪಂಪಿನ ಮ್ಯಾಲ ಅನುಮಾನ ಪಡೋದು ಕಡೀಕ.

ಸರ್ಕಿಟ್ ಓದುಗ:
ಮೇಲಿನವರು ಹೇಳಿದ್ದು ಸರಿ. ಅದನ್ನು ಖಾತ್ರಿ ಮಾಡಿಕೊಳ್ಳಲು ಗೇಜ್ ಕೂಡ ಬೇಡದ ಒಂದು ಪರೀಕ್ಷೆ ಇದೆ. ಬಹಳಷ್ಟು 20 ಟನ್ ಗಾಡಿಗಳಲ್ಲಿ ಸ್ವಿಂಗ್ ಮತ್ತು ಎಡ ಟ್ರ್ಯಾಕ್ ಒಂದೇ ಪಂಪಿನ ಮೇಲಿರುತ್ತವೆ. ನಿಮ್ಮ ಗಾಡಿಯ ಸರ್ಕಿಟ್ ಚಿತ್ರದಲ್ಲಿ ಒಮ್ಮೆ ನೋಡಿಕೊಳ್ಳಿ. ಬಕೆಟ್ ಊರಿ ಒಂದು ಬದಿಯ ಟ್ರ್ಯಾಕ್ ಎತ್ತಿ, ಟ್ರ್ಯಾಕಿನ ಒಂದು ಶೂಗೆ ಸೀಮೆಸುಣ್ಣದ ಗುರುತು ಹಾಕಿ, ಫುಲ್ ಥ್ರಾಟಲ್‌ನಲ್ಲಿ ಮೂರು ಸುತ್ತಿಗೆ ಎಷ್ಟು ಸೆಕೆಂಡು ಎಂದು ಎಣಿಸಿ. ಇನ್ನೊಂದು ಬದಿಗೂ ಹಾಗೆಯೇ. ಎರಡೂ ಹತ್ತಿರ ಹತ್ತಿರ ಬಂದರೆ ಪಂಪು, ಅದರ ರೆಗ್ಯುಲೇಟರ್ (ಪಂಪು ಎಷ್ಟು ಆಯಿಲ್ ಕೊಡಬೇಕೆಂದು ಹತೋಟಿಯಲ್ಲಿಡುವ ಭಾಗ) ಎರಡನ್ನೂ ಬಿಟ್ಟುಬಿಡಿ.

ಆದರೆ ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಬಲಕ್ಕೆ ತಿರುಗುವುದು ನಿಧಾನ, ಎಡಕ್ಕೆ ತಿರುಗಿ ನಿಲ್ಲಿಸಿದರೆ ಜಾರುತ್ತದೆ. ಇವೆರಡು ಬೇರೆ ಬೇರೆ ರೋಗ ಅಲ್ಲ.

ಸ್ವಿಂಗ್ ಮೋಟಾರಿಗೆ ಎರಡು ಬಾಯಿ. ಬಲಕ್ಕೆ ತಿರುಗುವಾಗ ಒಂದು ಬಾಯಿಯಲ್ಲಿ ಆಯಿಲ್ ಒಳಗೆ ಹೋಗುತ್ತದೆ, ಎಡಕ್ಕೆ ತಿರುಗುವಾಗ ಅದೇ ಬಾಯಿಯಿಂದ ಹೊರಗೆ ಬರುತ್ತದೆ. ಲಿವರ್ ಬಿಟ್ಟಾಗ ಕಂಟ್ರೋಲ್ ವಾಲ್ವಿನ ಸ್ಪೂಲ್ (ಒಳಗೆ ಜಾರಿ ಆಯಿಲ್ ದಾರಿ ತೆರೆದು ಮುಚ್ಚುವ ಕಡ್ಡಿ) ಎರಡೂ ದಾರಿ ಮುಚ್ಚುತ್ತದೆ. ಮೇಲಿನ ಭಾಗ ಮಾತ್ರ ತನ್ನ ಭಾರಕ್ಕೆ ಇನ್ನೂ ತಿರುಗುತ್ತಲೇ ಇರುತ್ತದೆ, ಹಾಗಾಗಿ ಹೊರಹೋಗುವ ಬಾಯಿಯಲ್ಲಿ ಒತ್ತಡ ಏರುತ್ತದೆ. ಆ ಬಾಯಿಯ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ತೆರೆದುಕೊಳ್ಳುವ ವಾಲ್ವ್) ಎಷ್ಟು ತಡೆದು ಹಿಡಿಯುತ್ತದೋ ಅಷ್ಟೇ ಗಾಡಿಯ ಬ್ರೇಕು. ಅಂದರೆ ಬಲಕ್ಕೆ ತಳ್ಳುವುದೂ ಎಡದಿಂದ ನಿಲ್ಲಿಸುವುದೂ ಒಂದೇ ಬಾಯಿಯ, ಒಂದೇ ರಿಲೀಫ್ ವಾಲ್ವಿನ ಕೆಲಸ. ಎರಡೂ ಒಟ್ಟಿಗೆ ಕೆಟ್ಟಿವೆ ಎಂದರೆ ಆ ಬಾಯಿಯ ರಿಲೀಫ್ ವಾಲ್ವ್ ಅಥವಾ ಪಕ್ಕದ ಮೇಕಪ್ ಚೆಕ್ ವಾಲ್ವ್ (ಆಯಿಲ್ ಕೊರತೆ ಆದ ಬಾಯಿಗೆ ಆಯಿಲ್ ತುಂಬುವ ಒಮ್ಮುಖ ವಾಲ್ವ್) ಸೋರುತ್ತಿದೆ.

ಪೈಲಟ್ ಲೈನಿನದೋ ಸ್ಪೂಲಿನದೋ ತಪ್ಪಾಗಿದ್ದರೆ ಬಲಕ್ಕೆ ನಿಧಾನ ಆಗುತ್ತಿತ್ತು, ಎಡದಿಂದ ನಿಲ್ಲುವುದು ಸಾಮಾನ್ಯವಾಗಿ ಸರಿಯೇ ಇರುತ್ತಿತ್ತು. ಮೋಟಾರಿನ ಒಳಗಿನ ಸಿಲಿಂಡರ್ ಬ್ಲಾಕು, ವಾಲ್ವ್ ಪ್ಲೇಟು ಸವೆದಿದ್ದರೆ ಎರಡೂ ಕಡೆ ಬಲ ಕಡಿಮೆ ಆಗಿ, ಆಯಿಲ್ ಬಿಸಿ ಆದಷ್ಟೂ ಹೆಚ್ಚು ಕಾಣಿಸುತ್ತಿತ್ತು.

ಗದಗ ಕ್ವಾರಿ:
ಭಾಳ ಉಪಕಾರ ಆತ್ರಿ ಸರ್. ಟ್ರ್ಯಾಕ್ ಎರಡೂ ಸಮ ಅದಾವ. ಗೇಜ್ ಹಚ್ಚೋ ಕ್ರಮ ಸ್ವಲ್ಪ ಬಿಡಿಸಿ ಹೇಳ್ರಿ.

ತಾರಿಹಾಳ ಪಾನಾ:
600 ಬಾರ್ ಗೇಜ್ ಬೇಕು. 400ರದ್ದು ಹಚ್ಚಬ್ಯಾಡ್ರಿ, ಮೇನ್ ರಿಲೀಫ್ 340–350 ಬಾರಿಗೆ ಇರತೈತಿ, ಒಮ್ಮೆ ಹೊಡತ ಬಿದ್ರ ಮುಳ್ಳು ಕುಂಡ್ರತೈತಿ. ಪೈಲಟ್ಟಿಗೆ ಬ್ಯಾರೆ 60 ಅಥವಾ 100 ಬಾರಿಂದು.

ಬಕೆಟ್ ನೆಲಕ್ಕ ಊರಿ ಎಂಜಿನ್ ಬಂದ್ ಮಾಡ್ರಿ. ಚಾವಿ ಆನ್ ಇಟ್ಟು ಲಿವರ್ ಎಲ್ಲಾ ದಿಕ್ಕಿಗೂ ನಾಲ್ಕೈದು ಸಲ ಆಡಸ್ರಿ, ಆಮ್ಯಾಲ ಟ್ಯಾಂಕಿನ ಬ್ರೀದರ್ ಗುಂಡಿ ಒತ್ತಿ ಗಾಳಿ ಬಿಡ್ರಿ. ಆಮ್ಯಾಲನ ಟೆಸ್ಟ್ ಪೋರ್ಟಿನ ಪ್ಲಗ್ ಬಿಚ್ಚೋದು. ಪೋರ್ಟಿನ ಸುತ್ತ ಮೊದಲ ಡೀಸೆಲ್ಲಿನ ಬ್ರಶ್ ಹೊಡದು ಅರಿವಿಯಿಂದ ಒರಸ್ರಿ. ಕ್ವಾರಿ ಧೂಳು ಒಳಗ ಬಿದ್ರ ನೋಡಾಕ ಹೋಗಿ ನೀವ ಕೆಡಿಸಿದಂಗ ಆಗತೈತಿ.

ಆಯಿಲ್ 50 ಡಿಗ್ರಿ ಆಗೋತನಕ ಗಾಡಿ ಆಡಸ್ರಿ. ತಂಪ ಆಯಿಲ್‌ನ್ಯಾಗ ತಗೊಂಡ ರೀಡಿಂಗ್‌ಗೆ ಬೆಲೆ ಇಲ್ಲ. ಮೊದಲ ಪೈಲಟ್: 20 ಟನ್ನಿಗೆ 39–40 ಬಾರ್ ಹತ್ರ ಬರಬೇಕು. ಅದು ಕಮ್ಮಿ ಇದ್ರ ಮುಂದಿನದು ಎಲ್ಲಾ ಸುಳ್ಳ ತೋರಸತೈತಿ, ಯಾಕಂದ್ರ ಸ್ಪೂಲ್ ಪೂರ್ತಿ ತೆರೆಯೋದಿಲ್ಲ, ಸ್ವಿಂಗ್ ಪಾರ್ಕಿಂಗ್ ಬ್ರೇಕೂ ಪೂರ್ತಿ ಬಿಡೋದಿಲ್ಲ.

ಆಮ್ಯಾಲ ಸ್ವಿಂಗ್ ಒತ್ತಡ. ಬಕೆಟ್ಟಿನ ಮಗ್ಗಲು ಗಟ್ಟಿ ಬಂಡಿಗೆ ಅಥವಾ ತೋಡಿದ ಗುಂಡಿಯ ಗ್ವಾಡಿಗೆ ತಾಗಿಸಿ, ಫುಲ್ ಥ್ರಾಟಲ್‌ನ್ಯಾಗ ಲಿವರ್ ನಿಧಾನಕ್ಕ ಕಡೀತನಕ ಒಯ್ರಿ. ಮುಳ್ಳು ನಿಂತಿದ್ದು ನೋಡಿ ಬಿಟ್ಟುಬಿಡ್ರಿ, 10 ಸೆಕೆಂಡ್ ಮೀರಬಾರದು. ರಿಲೀಫ್ ಮ್ಯಾಲ ನಿಲ್ಲಿಸಿದ್ರ ಎಂಜಿನ್ ಶಕ್ತಿ ಎಲ್ಲಾ ಆ ಸಣ್ಣ ವಾಲ್ವಿನ್ಯಾಗ ಶಾಖ ಆಗತೈತಿ. ಈ ಕ್ಲಾಸಿಗೆ 280ರಿಂದ 300 ಬಾರ್ ಒಳಗ ಎಲ್ಲೋ ಒಂದು ಅಂಕಿ ಇರತೈತಿ, ನಿಮ್ಮ ಗಾಡಿದು ಮ್ಯಾನುಯಲ್‌ನ್ಯಾಗ ನೋಡ್ರಿ. ಮುಖ್ಯ ಏನಂದ್ರ ಎಡ ಬಲ ಎರಡೂ ಒಂದ ಬರಬೇಕು.

ರಾಣೆಬೆನ್ನೂರ ಮಿನಿ:
ನಡುವ ಬಾಯಿ ಹಾಕ್ತೀನಿ, ಕ್ಷಮಾ ಇರಲಿ. ನಮ್ಮದು 5 ಟನ್ನಿನ ಮಿನಿ. ಅದಕ್ಕ ಸ್ವಿಂಗಿಗೆ ಬ್ಯಾರೆ ಪಂಪ್ ಐತಿ ಅಂತ ಡೀಲರ್ ಕಡೆಯವರು ಅಂದ್ರು. ಮ್ಯಾಲೆ ‘ಇಲ್ಲ’ ಅಂದೀರಿ?

ಸರ್ಕಿಟ್ ಓದುಗ:
ನಿಮ್ಮದಕ್ಕೆ ಇದೆ. ಹಲವು ಮಿನಿಗಳಲ್ಲಿ ಮೂರು ಪಂಪಿನ ವ್ಯವಸ್ಥೆ: ಎರಡು ಪಿಸ್ಟನ್, ಮೂರನೆಯದು ಗೇರ್ ಪಂಪು. ಆ ಗೇರ್ ಪಂಪು ಸ್ವಿಂಗ್ ಮತ್ತು ಮುಂದಿನ ಡೋಜರ್ ಬ್ಲೇಡ್ ಎರಡಕ್ಕೂ ಆಯಿಲ್ ಕೊಡುತ್ತದೆ. ಪರೀಕ್ಷೆ ಇನ್ನೂ ಸುಲಭ: ಸ್ವಿಂಗೂ ನಿಧಾನ, ಬ್ಲೇಡ್ ಏಳುವುದೂ ನಿಧಾನ, ಉಳಿದ ಕೆಲಸವೆಲ್ಲ ಸರಿ ಎಂದರೆ ಆ ಪಂಪು ಅಥವಾ ಅದರ ರಿಲೀಫ್. ಬ್ಲೇಡ್ ಸರಿ ಇದ್ದು ಸ್ವಿಂಗ್ ಮಾತ್ರ ಸೋತಿದ್ದರೆ ಪಂಪಿನ ತಂಟೆಗೆ ಹೋಗಬೇಡಿ, ಮೋಟಾರು ಮತ್ತು ಬ್ರೇಕಿನ ಕಡೆ ನೋಡಿ. ಈ ಗೇರ್ ಪಂಪಿನ ಒತ್ತಡ ಪಿಸ್ಟನ್ ಪಂಪಿಗಿಂತ ಕಡಿಮೆ ಇರುತ್ತದೆ, 20 ಟನ್ ಗಾಡಿಯ ಅಂಕಿಗೆ ಹೋಲಿಸಿ ಸ್ಕ್ರೂ ಬಿಗಿಯಬೇಡಿ.

ಗೇರ್ ಪಂಪಿಗೆ ದೊಡ್ಡ ಶತ್ರು ಸಕ್ಷನ್ ಲೈನಿನ ಗಾಳಿ. ಹಳೆಯ ಸಕ್ಷನ್ ಹೋಸ್ ಕ್ಲಾಂಪಿನ ಹತ್ತಿರ ಬಿರುಕು ಬಿಟ್ಟರೆ ಆಯಿಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಟ್ಯಾಂಕಿನ ಆಯಿಲ್‌ನಲ್ಲಿ ನೊರೆ, ಪಂಪಿನಲ್ಲಿ ಕಲ್ಲು ಉರುಳಿದಂಥ ಸದ್ದು ಇದರ ಗುರುತು. ಅನುಮಾನ ಇದ್ದ ಜೋಡಣೆಗೆ ಗ್ರೀಸ್ ಮೆತ್ತಿ ನೋಡಿ, ಸದ್ದು ಕಡಿಮೆ ಆದರೆ ಜಾಗ ಅದೇ.

ಇನ್ನು ಗಣಿಯ ದೊಡ್ಡ ಗಾಡಿಗಳು. ಅವುಗಳಲ್ಲಿ ಕೆಲವಕ್ಕೆ ಸ್ವಿಂಗಿಗೇ ಮೀಸಲಾದ ಕ್ಲೋಸ್ಡ್ ಸರ್ಕಿಟ್ (ಆಯಿಲ್ ಪಂಪು ಮೋಟಾರಿನ ನಡುವೆಯೇ ಸುತ್ತುವ) ಪಿಸ್ಟನ್ ಪಂಪು ಇರುತ್ತದೆ. ಅಲ್ಲಿ ಮೊದಲು ನೋಡಬೇಕಾದ್ದು ಚಾರ್ಜ್ ಒತ್ತಡ (ಆ ಸುತ್ತಿಗೆ ಆಯಿಲ್ ತುಂಬಿಸಿಡುವ ಸಣ್ಣ ಪಂಪಿನ ಒತ್ತಡ). ಅದು ಬಿದ್ದರೆ ಪಂಪೂ ಮೋಟಾರೂ ಜತೆಯಾಗಿ ಹೋಗುತ್ತವೆ. ಈ ಪ್ರಶ್ನೆಗೆ ಅದು ಬೇಡ.

ಆಪರೇಟರ್ ಸೀಟು:
ಬ್ಯಾಕ್‌ಹೋ ಲೋಡರಿಗೆ ಸ್ವಿಂಗ್ ಮೋಟಾರೇ ಇಲ್ಲ, ಎರಡು ಸಿಲಿಂಡರ್ ಎಳೆದು ತಿರಗಸ್ತಾವ. ಅಂಗಡ್ಯಾಗ ಬಿಡಿ ಸಾಮಾನ ಕೇಳುವಾಗ ಅದನ್ನ ಬಿಡಿಸಿ ಹೇಳ್ರಿ. ನಮ್ಮೂರಾಗ ಹಳದಿ ಬಣ್ಣದ್ದೆಲ್ಲಾ ‘ಜೆಸಿಬಿ’, ಟ್ರ್ಯಾಕ್ ಇದ್ದದ್ದೆಲ್ಲಾ ‘ಹಿಟಾಚಿ’. ಕಂಪನಿ ಯಾವುದರ ಇರಲಿ, ಮಾಡೆಲ್ ನಂಬರೂ ಸೀರಿಯಲ್ ನಂಬರೂ ಕೊಡಲಿಲ್ಲಂದ್ರ ಸೀಲ್ ಕಿಟ್ ತಪ್ಪ ಬರತೈತಿ.

ಗದಗ ಕ್ವಾರಿ:
ಗೇಜ್ ಹಚ್ಚೀವ್ರಿ. ಆಯಿಲ್ 52 ಡಿಗ್ರಿ. ಪೈಲಟ್ 39 ಬಾರ್. ಸ್ವಿಂಗ್ ಎಡಕ್ಕ 285, ಬಲಕ್ಕ 215. ಗ್ಯಾರೇಜಿನವರು ಈಗ ‘ಬಲದ ಸ್ಕ್ರೂ ಬಿಗಿದು 285ಕ್ಕ ತರ್ತೀವಿ’ ಅನ್ನಾಕತ್ತಾರ.

ತಾರಿಹಾಳ ಪಾನಾ:
ಬ್ಯಾಡ. ಸೋರೋ ವಾಲ್ವಿನ ಸ್ಪ್ರಿಂಗ್ ಬಿಗಿದ್ರ ಇವತ್ತು 285 ತೋರಿಸೀತು. ನಾಳೆ ಸೀಟಿನ ಮ್ಯಾಲಿನ ಕಸ ಸರಿದು ವಾಲ್ವ್ ಸರಿಯಾಗಿ ಕುಂತ್ರ ಒತ್ತಡ ಎಲ್ಲಿಗೋ ಹೋಗತೈತಿ. ಆವಾಗ ಮುರಿಯೋದು ರಿಡಕ್ಷನ್ ಗೇರಿನ (ಮೋಟಾರಿನ ವೇಗ ಇಳಿಸಿ ಬಲ ಹೆಚ್ಚಸೋ ಗೇರ್) ಹಲ್ಲು, ಇಲ್ಲಾ ಪಿನಿಯನ್ ಶಾಫ್ಟು. 

ಎರಡೂ ಬಾಯಿಯ ರಿಲೀಫ್ ಕಾರ್ಟ್ರಿಜ್ (ಇಡಿಯಾಗಿ ಹೊರಗ ಬರೋ ರಿಲೀಫ್ ವಾಲ್ವ್) ಬಿಚ್ಚಿ ಅದಲು ಬದಲು ಮಾಡ್ರಿ. ಎರಡೂ ಒಂದ ಪಾರ್ಟ್ ನಂಬರ್ ಇದ್ರ ಮಾತ್ರ. ರೋಗ ಎಡಕ್ಕ ಹೋದ್ರ ಕಾರ್ಟ್ರಿಜ್ ಕೆಟ್ಟೈತಿ. ಬಲಕ್ಕ ಉಳಿದ್ರ ಮೇಕಪ್ ಚೆಕ್ ವಾಲ್ವಿನ ಪಾಪೆಟ್ಟು (ದಾರಿ ಮುಚ್ಚೋ ಮೊನಚು ತುಂಡು), ಅದು ಕುಂಡ್ರೋ ಸೀಟು ನೋಡ್ರಿ. ಬಿಚ್ಚೋ ಮೊದಲ ಗಾಡಿ ಸಪಾಟ ಜಾಗದಾಗ ಇರಲಿ, ಬಕೆಟ್ ಊರಿರಲಿ. ಇಳಿಜಾರಿನ್ಯಾಗ ನಿಂತ ಗಾಡಿಯ ಸ್ವಿಂಗ್ ವಾಲ್ವ್ ಬಿಚ್ಚಿದ್ರ ಪಾರ್ಕಿಂಗ್ ಬ್ರೇಕ್ ಒಂದರ ಮ್ಯಾಲ ನಿಮ್ಮ ಜೀವ.

ಕಾರ್ಟ್ರಿಜ್ ಹೊರಗ ಬಂದ ಕೂಡಲೇ ಓ-ರಿಂಗೂ ಬ್ಯಾಕಪ್ ರಿಂಗೂ ಹೊಸಾವ ಹಾಕ್ರಿ. ಬ್ಯಾಕಪ್ ರಿಂಗ್ ಯಾವ ಮಗ್ಗಲು ಇತ್ತು ಅಂತ ಫೋಟೋ ತಗೀರಿ. ಉಲ್ಟಾ ಕುಂತ್ರ ಓ-ರಿಂಗ್ ಹಿಂಡಿಕೊಂಡು ಮತ್ತ ಅದ ಸೋರಿಕೆ.

ಸರ್ಕಿಟ್ ಓದುಗ:
ಅದೇ ಹೊತ್ತಿಗೆ ಕೇಸ್ ಡ್ರೇನ್ (ಮೋಟಾರಿನ ಒಳಗೆ ಸೋರಿ ಟ್ಯಾಂಕಿಗೆ ಮರಳುವ ಆಯಿಲ್) ಅಳತೆಯನ್ನೂ ಮಾಡಿಬಿಡಿ, 9,400 ಗಂಟೆಯ ಮೋಟಾರಿಗೆ ಅದು ಗೊತ್ತಿರಬೇಕು. ಮೋಟಾರಿನ ಡ್ರೇನ್ ಹೋಸ್ ಬಿಚ್ಚಿ, ಟ್ಯಾಂಕಿನ ಕಡೆಯ ಬಾಯಿಗೆ ಪ್ಲಗ್ ಹಾಕಿ, ಮೋಟಾರಿನ ಕಡೆಯಿಂದ ಬೇರೆ ಹೋಸಿನಲ್ಲಿ ಅಳತೆಯ ಡಬ್ಬಿಗೆ ಬಿಡಿ. ಮೋಟಾರಿನ ಡ್ರೇನ್ ಬಾಯಿಯನ್ನು ಎಂದಿಗೂ ಮುಚ್ಚಬೇಡಿ. ಒಂದು ಕ್ಷಣ ಮುಚ್ಚಿ ಲಿವರ್ ಎಳೆದರೂ ಶಾಫ್ಟ್ ಸೀಲ್ ಹಾರಿಹೋಗುತ್ತದೆ.

ಒಂದು ನಿಮಿಷ ಸುಮ್ಮನೆ ತಿರುಗಿಸಿ ಬಂದ ಆಯಿಲ್ ಬೇರೆ, ಬಂಡೆಗೆ ತಾಗಿಸಿ ರಿಲೀಫ್‌ನಲ್ಲಿ ಬಂದದ್ದು ಬೇರೆ. ಎರಡನ್ನೂ ಬರೆದಿಡಿ. ರಿಲೀಫ್‌ನಲ್ಲಿ ಹತ್ತು ಹತ್ತು ಸೆಕೆಂಡಿನ ತುಂಡುಗಳಲ್ಲಿ ಅಳೆದು ನಿಮಿಷಕ್ಕೆ ಗುಣಿಸಿ. ಮಿತಿ ಎಷ್ಟೆಂಬುದು ತಯಾರಕರಿಂದ ತಯಾರಕರಿಗೆ ಬೇರೆ, ಸರ್ವೀಸ್ ಮ್ಯಾನುಯಲ್‌ನಲ್ಲಿ ‘ಸ್ಟ್ಯಾಂಡರ್ಡ್’ ಮತ್ತು ‘ರಿಪೇರಿ ಮಿತಿ’ ಎಂದು ಎರಡು ಅಂಕಿ ಇರುತ್ತವೆ. ಇನ್ನೊಂದು ಗಾಡಿಯ ಅಂಕಿ ಕೇಳಿ ಮೋಟಾರ್ ಬಿಚ್ಚಿಸಬೇಡಿ.

ಮತ್ತೆ ರಿಡಕ್ಷನ್ ಗೇರಿನ ಡಿಪ್‌ಸ್ಟಿಕ್. ಮಟ್ಟ ತಾನಾಗಿ ಏರಿದ್ದರೆ, ಆಯಿಲ್ ತೆಳ್ಳಗಾಗಿದ್ದರೆ, ಮೋಟಾರ್ ಶಾಫ್ಟ್ ಸೀಲ್ ಸೋತು ಹೈಡ್ರಾಲಿಕ್ ಆಯಿಲ್ ಕೆಳಗಿಳಿಯುತ್ತಿದೆ. ಬರೀ ಸೀಲ್ ಬದಲಿಸಿ ಸುಮ್ಮನಾಗಬಾರದು. ಡ್ರೇನ್ ಹೋಸ್ ಎಲ್ಲಾದರೂ ಮಡಚಿದೆಯೇ, ಟ್ಯಾಂಕ್ ಬ್ರೀದರ್ ಧೂಳಿನಿಂದ ಕಟ್ಟಿದೆಯೇ ನೋಡದೆ ಹಾಕಿದ ಹೊಸ ಸೀಲೂ ಅದೇ ದಾರಿ ಹಿಡಿಯುತ್ತದೆ. ಮಟ್ಟ ಇಳಿದಿದ್ದರೆ ಕೆಳಗಿನ ಪಿನಿಯನ್ ಸೀಲ್ ನೋಡಿ, ಗೇರ್ ಆಯಿಲ್ ಗ್ರೀಸ್ ತೊಟ್ಟಿಗೆ (ಪಿನಿಯನ್ ಮತ್ತು ಸ್ವಿಂಗ್ ಬೇರಿಂಗಿನ ಹಲ್ಲು ಕೂಡುವ ಜಾಗ) ಹೋಗಿರುತ್ತದೆ.

ಗದಗ ಕ್ವಾರಿ:
ಅದಲು ಬದಲು ಮಾಡಿದ್ವಿ. ಈಗ ಬಲಕ್ಕ 285, ಎಡಕ್ಕ 220. ರೋಗ ಎಡಕ್ಕ ಹೋತು. ಡ್ರೇನ್ ಅಳತಿ ಮಿತಿಯೊಳಗ ಐತಿ, ಗೇರ್ ಆಯಿಲ್ ಮಟ್ಟ ಸರಿ ಐತಿ. ಕೆಟ್ಟ ಕಾರ್ಟ್ರಿಜ್ಜಿನ ಪಾಪೆಟ್ ತುದಿಗೆ ಒಂದು ಗೀರು ಬಿದ್ದೈತಿ. ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಕುಂಡ್ರಸಬಹುದ?

ತಾರಿಹಾಳ ಪಾನಾ:
ಮಾಡೋವರು ಮಾಡ್ತಾರ. ನಾನು ಹೇಳೋದು ಬ್ಯಾಡ. ಪೇಸ್ಟಿನ ಕಣ ಪೂರ್ತಿ ತೊಳದು ಹೋಗೋದಿಲ್ಲ, ಪಾಪೆಟ್ಟಿನ ಕೋನ ಒಂದೀಟು ಬದಲಾದ್ರ ಒತ್ತಡ ಏರಿಳಿತೈತಿ. ಹೊಸ ಕಾರ್ಟ್ರಿಜ್ ಮೋಟಾರ್ ಓವರ್‌ಹಾಲ್ ಖರ್ಚಿನ ಮುಂದ ಏನೂ ಅಲ್ಲ.

ಸರ್ಕಿಟ್ ಓದುಗ:
ಇಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ. ಪಾಪೆಟ್ ಮೇಲೆ ಕಸ ಕೂತಿದ್ದು ಗೀರು ಇಲ್ಲದಿದ್ದರೆ ಸ್ವಚ್ಛ ಡೀಸೆಲ್‌ನಲ್ಲಿ ತೊಳೆದು ಗಾಳಿ ಹೊಡೆದು ವಾಪಸ್ ಹಾಕುವುದರಲ್ಲಿ ತಪ್ಪಿಲ್ಲ. ನಿಮ್ಮದರಲ್ಲಿ ಗೀರು ಕಾಣುತ್ತಿದೆ, ಆದ್ದರಿಂದ ಬದಲಿಸಿ. ಆದರೆ ಗೀರು ಮಾಡಿದ ಕಣ ಎಲ್ಲಿಂದ ಬಂತು ಎನ್ನುವುದು ಬಾಕಿ ಇದೆ. ರಿಟರ್ನ್ ಫಿಲ್ಟರ್ ಬಿಚ್ಚಿ ಕತ್ತರಿಸಿ, ಕಾಗದದ ಮಡಿಕೆ ಬಿಡಿಸಿ ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿ. ಹಿತ್ತಾಳೆಯ ಹಳದಿ ಚೂರು ಇದ್ದರೆ ಪಿಸ್ಟನ್ ಶೂ ಅಥವಾ ಹಿತ್ತಾಳೆ ಮುಖದ ಪ್ಲೇಟು ಸವೆಯುತ್ತಿದೆ. ಆಗ ಪಂಪಿನ ಮಾತು ಮತ್ತೆ ಎತ್ತೋಣ. ಆಯಸ್ಕಾಂತಕ್ಕೆ ಹತ್ತುವ ಹೊಳೆಯುವ ಪುಡಿ ಉಕ್ಕು. ಕರಿ ಮೆತ್ತನೆ ಚೂರು ಸಿಲಿಂಡರ್ ಸೀಲ್ ಇಲ್ಲವೇ ಹೋಸಿನ ಒಳಪದರ. ಬೆರಳಿಗೆ ಮರಳಿನಂತೆ ಸಿಗುವುದು ಹೊರಗಿನ ಧೂಳು.

ಗದಗ ಕ್ವಾರಿ:
ಹಳದಿ ಇಲ್ಲ. ಕರಿ ರಬ್ಬರ್ ಚೂರು ಸ್ವಲ್ಪ, ಬಾಕಿ ಎಲ್ಲಾ ಮರಳಿನಂಥಾ ಧೂಳು. ಫಿಲ್ಟರ್ ಹಾಕಿ 800 ಗಂಟೆ ಆಗಿತ್ತು.

ಆಯಿಲ್ ಬ್ಯಾರಲ್:
ಈಗ ನನ್ನ ಪಾಳಿ. ಬ್ರೇಕರ್ ಹಾಕೋ ಗಾಡಿಗೆ 800 ಗಂಟೆ ಒಂದ ಫಿಲ್ಟರ್ ಓಡಿಸೋದು ಭಾಳ ಆತ್ರಿ. ಬರೀ ಬಕೆಟ್ ಕೆಲಸಕ್ಕ ರಿಟರ್ನ್ ಫಿಲ್ಟರ್ 1,000 ಗಂಟೆ ಅಂತ ಇರತೈತಿ. ಪೂರ್ತಿ ಬ್ರೇಕರ್ ಕೆಲಸ ಆದ್ರ ಕೆಲವು ಮ್ಯಾನುಯಲ್‌ನ್ಯಾಗ ಫಿಲ್ಟರ್ 100 ಗಂಟೆಗೆ, ಆಯಿಲ್ 600 ಗಂಟೆಗೆ ಅಂತ ಬರದಾರ. ನಿಮ್ಮದು ಅರ್ಧಕ್ಕರ್ಧ, ಅಂದ್ರ ಫಿಲ್ಟರಿಗೆ 250 ಗಂಟೆ ಮೀರಿಸಬ್ಯಾಡ್ರಿ. ಬ್ರೇಕರಿನ ಹೊಡತಕ್ಕ ಆಯಿಲ್ ಬಿಸಿ ಏರತೈತಿ, ಚಿಸಲ್ ಮಗ್ಗಲಿಂದ ಪುಡಿ ಒಳಗ ಹೊಗತೈತಿ, ಬ್ರೇಕರ್ ಬಿಚ್ಚಿ ಬಕೆಟ್ ಹಾಕುವಾಗ ಹೋಸಿನ ಬಾಯಿ ಬಯಲಾಗ ಬೀಳತೈತಿ. ಆ ಬಾಯಿಗೆ ಲೋಹದ ಕ್ಯಾಪ್ ಇರಲಿ. ಅರಿವಿ ತುರುಕೋದು ಬ್ಯಾಡ, ಅರಿವಿಯ ಎಳಿನೂ ಕಸಾನ. ಬ್ರೇಕರಿನ ರಿಟರ್ನ್ ಲೈನ್ ಫಿಲ್ಟರ್ ದಾಟಿಯೇ ಟ್ಯಾಂಕಿಗೆ ಬರತೈತೋ ಇಲ್ಲೋ ಪೈಪ್ ಹಿಡಕೊಂಡು ನೋಡ್ರಿ.

ಆಯಿಲ್ ವಿಷಯ. ಐಎಸ್‌ಓ ವಿಜಿ (ಆಯಿಲ್ ಎಷ್ಟು ದಪ್ಪ ಅನ್ನೋ ದರ್ಜೆ) 46 ಇಲ್ಲಾ 68, ಮ್ಯಾನುಯಲ್ ಏನು ಹೇಳತೈತೋ ಅದು. ಏಪ್ರಿಲ್–ಮೇ ಬಿಸಿಲಿಗೆ 68 ಹಾಕೋದು ಕೆಲವರ ರೂಢಿ. ತಯಾರಕರು ಆ ಉಷ್ಣಾಂಶಕ್ಕ ಒಪ್ಪಿದ್ರ ಹಾಕ್ರಿ. ಅರ್ಧ ಟ್ಯಾಂಕ್ ಅದು, ಅರ್ಧ ಟ್ಯಾಂಕ್ ಇದು ಅಂತ ಬೆರಸಬ್ಯಾಡ್ರಿ.

ಬ್ಯಾರಲ್ ಬಯಲಾಗ ನೆಟ್ಟಗ ನಿಲ್ಲಿಸಿದ್ರ ಮಳಿ ನೀರು ಮ್ಯಾಲಿನ ತಟ್ಟ್ಯಾಗ ನಿಲ್ಲತೈತಿ. ಹಗಲ ಬಿಸಿಗೆ ಬ್ಯಾರಲ್ ಉಬ್ಬಿ, ರಾತ್ರಿ ತಂಪಿಗೆ ಕುಗ್ಗುವಾಗ ಬಿರಡಿಯ ಸಂದಿನಿಂದ ಆ ನೀರು ಒಳಗ ಎಳಕೊಳ್ಳತೈತಿ. ಅಡ್ಡ ಮಲಗಸ್ರಿ, ಎರಡೂ ಬಿರಡಿ ಗಡಿಯಾರದ 3 ಮತ್ತು 9ರ ಜಾಗಕ್ಕ ಬರೋಹಂಗ. ಆವಾಗ ಬಿರಡಿ ಒಳಮಗ್ಗಲು ಆಯಿಲ್‌ನ್ಯಾಗ ಮುಳುಗಿರತೈತಿ, ಗಾಳಿ ನೀರು ಒಳಗ ಬರೋದಿಲ್ಲ. ತುಂಬುವಾಗ ತಗಡಿನ ಕೊಡ, ನೀರಿನ ಬಕೇಟು ಬ್ಯಾಡ. ಫಿಲ್ಟರ್ ಇರೋ ಕೈ ಪಂಪಿನಿಂದ ಹಾಕ್ರಿ. ಹೊಸ ಬ್ಯಾರಲ್ ಆಯಿಲ್ ಪೂರ್ತಿ ಸ್ವಚ್ಛ ಅಂತ ತಿಳಕೋಬ್ಯಾಡ್ರಿ.

ಆಯಿಲ್ ಹಾಲಿನ ಬಣ್ಣಕ್ಕ ತಿರಗಿದ್ರ ನೀರು ಸೇರೇತಿ. ಅನುಮಾನ ಇದ್ರ ಬಿಸಿ ತವಾದ ಮ್ಯಾಲ ಎರಡು ಹನಿ ಹಾಕ್ರಿ, ಚಟಪಟ ಅಂದ್ರ ನೀರು. ಕಣ್ಣಿಗೆ ದೂರ ಇಟ್ಟು ಮಾಡ್ರಿ. ವಾರಕ್ಕೊಮ್ಮೆ ಬೆಳಿಗ್ಗೆ ಎಂಜಿನ್ ಹಚ್ಚೋ ಮೊದಲ ಟ್ಯಾಂಕಿನ ತಳದ ಡ್ರೇನ್ ಸಡಿಲ ಮಾಡಿದ್ರ ತಂಗಿದ ನೀರು ಬರತೈತಿ.

ಆಯಿಲ್ ಕೂಲರ್ ಮರೀಬ್ಯಾಡ್ರಿ. ಕ್ವಾರಿ ಹಿಟ್ಟು ಮತ್ತ ಎರಿ ಮಣ್ಣಿನ ಧೂಳು ಕೂಡಿ ಅದರ ರೆಕ್ಕಿ ಸಂದ್ಯಾಗ ಹೆಪ್ಪುಗಟ್ಟತೈತಿ. ಗಾಳಿಯನ್ನ ಫ್ಯಾನ್ ಬೀಸೋ ದಿಕ್ಕಿಗೆ ಎದುರು ಹೊಡೀರಿ, ಹತ್ರ ಹಿಡದು ಜೋರ ಹೊಡದ್ರ ರೆಕ್ಕಿ ಮಡಚತಾವ.

ಆಪರೇಟರ್ ಸೀಟು:
ಬ್ಯಾರಲ್ ಅಣ್ಣಾರು ಹೇಳಿದ್ದು ಎಲ್ಲಾ ಖರೆ, ಆದ್ರ ಸೀಟಿನ್ಯಾಗ ಆಗೋ ತಪ್ಪೂ ಐತಿ. ಬಕೆಟ್ಟಿನ ಮಗ್ಗಲಿಂದ ಕಲ್ಲು ತಳ್ಳೋದು, ಗರಸು ಹರಡಾಕ ಸ್ವಿಂಗಿನಿಂದ ಕಸಬರಿಗಿ ಹೊಡದಂಗ ಹೊಡಿಯೋದು, ಬ್ರೇಕರ್ ಚಿಸಲ್ ಬಂಡಿಯೊಳಗ ಸಿಕ್ಕಾಗ ಸ್ವಿಂಗ್ ಕೊಟ್ಟು ಕೀಳೋದು. ಮೂರೂ ಸಲ ಆ ರಿಲೀಫ್ ವಾಲ್ವ್ ಬಾಯಿ ತೆರದು ಮುಚ್ಚತೈತಿ, ಪಿನಿಯನ್ನಿಗೂ ಹೊಡತ. ತಿರಗೋ ಗಾಡಿ ನಿಲ್ಲಸಾಕ ಲಿವರ್ ಉಲ್ಟಾ ದಿಕ್ಕಿಗೆ ಎಳಿಯೋ ಚಟ ಇದ್ದವರಿಗೆ ಬಿಡಸ್ರಿ. ಟಿಪ್ಪರ್ ನಿಲ್ಲಿಸೋ ಜಾಗ 90 ಡಿಗ್ರಿ ಒಳಗ ಇದ್ರ ಅರ್ಧ ಸ್ವಿಂಗ್ ಕೆಲಸಾನ ಕಮ್ಮಿ ಆಗತೈತಿ.

ಗದಗ ಕ್ವಾರಿ:
ಹೊಸ ಕಾರ್ಟ್ರಿಜ್ ಹುಬ್ಬಳ್ಳಿಯಿಂದ ಬರಾಕತ್ತೈತಿ. ಹಾಕಿದ ಮ್ಯಾಲ ಗಾಳಿ ತಗಿಯೋದು ಹೆಂಗ್ರಿ? ಗ್ಯಾರೇಜಿನವರು ‘ಹಚ್ಚಿ ಎರಡು ಸುತ್ತು ತಿರಗಿಸಿದ್ರ ಸಾಕು’ ಅಂತಾರ.

ತಾರಿಹಾಳ ಪಾನಾ:
ಕಾರ್ಟ್ರಿಜ್ ಒಂದ ಬದಲಿಸಿದ್ರ ಗಾಳಿ ಭಾಳ ಹೊಕ್ಕಿರೋದಿಲ್ಲ. ಆದ್ರ ನೀವು ಡ್ರೇನ್ ಹೋಸೂ ಬಿಚ್ಚೀರಿ, ಮೋಟಾರಿನ ಹೊಟ್ಟಿ ಒಳಗಿನ ಆಯಿಲ್ ಸ್ವಲ್ಪ ಇಳದಿರತೈತಿ. ಡ್ರೇನ್ ಬಾಯಿಯಿಂದ ಸ್ವಚ್ಛ ಹೈಡ್ರಾಲಿಕ್ ಆಯಿಲ್ ತುಂಬಿ ಉಕ್ಕೋತನಕ ಹಾಕ್ರಿ, ಆಮ್ಯಾಲ ಹೋಸ್ ಕಟ್ರಿ. ಒಣಾ ಮೋಟಾರ್ ತಿರಗಿಸಿದ್ರ ಪಿಸ್ಟನ್ ಶೂ ಮೊದಲ ನಿಮಿಷದಾಗ ಗೀರು ಬೀಳತಾವ. ಎಷ್ಟೋ ಓವರ್‌ಹಾಲ್ ಆದ ಮೋಟಾರು ಮತ್ತ ಕೆಡೋದು ಹಿಂಗ.

ಎಂಜಿನ್ ಲೋ ಐಡಲ್‌ನ್ಯಾಗ ಬಿಟ್ಟು, ಲಿವರ್ ಅರ್ಧಕ್ಕಿಂತ ಕಮ್ಮಿ ಎಳದು ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಧಾನಕ್ಕ ತಿರಗಸ್ರಿ. ಕಿರ್ ಅನ್ನೋ ಸದ್ದು ಪೂರ್ತಿ ನಿಲ್ಲೋತನಕ ಥ್ರಾಟಲ್ ಏರಿಸಬ್ಯಾಡ್ರಿ. ಸೋರಿಕೆ ಐತೇನು ಅಂತ ಕೈ ಆಡಿಸಿ ನೋಡಬ್ಯಾಡ್ರಿ, ರಟ್ಟಿನ ತುಂಡು ಹಿಡೀರಿ. ಸೂಜಿಯಂಥಾ ಸೋರಿಕೆ ಚರ್ಮ ತೂತ ಮಾಡಿ ಒಳಗ ಹೊಗತೈತಿ.

ಸರ್ಕಿಟ್ ಓದುಗ:
ಕೊನೆಗೆ ಮೂರು ಅಳತೆ ತೆಗೆದು ಬರೆದಿಡಿ, ಮುಂದಿನ ಸಲಕ್ಕೆ ಇದೇ ಆಧಾರ. ಒಂದು, ಎರಡೂ ಕಡೆಯ ಒತ್ತಡ. ಎರಡು, ಖಾಲಿ ಬಕೆಟ್ಟಿನಲ್ಲಿ ಮೂರು ಸುತ್ತಿನ ಸಮಯ: ನಿಮಿಷಕ್ಕೆ 12 ಸುತ್ತಿನ ಗಾಡಿಗೆ ಲೆಕ್ಕಕ್ಕೆ 15 ಸೆಕೆಂಡು. ಮೊದಲ ಸುತ್ತು ಎಣಿಸಬೇಡಿ, ವೇಗ ಹಿಡಿದ ಮೇಲೆ ಎಣಿಸಿ. ಮೂರು, ಪಾರ್ಕಿಂಗ್ ಬ್ರೇಕು. ಸುಮಾರು 15 ಡಿಗ್ರಿ ಇಳಿಜಾರಿನಲ್ಲಿ, ಮೇಲಿನ ಭಾಗ ಇಳಿಜಾರಿಗೆ ಅಡ್ಡವಾಗಿ, ಬಕೆಟ್ ತುಂಬಿ ಎಂಜಿನ್ ನಿಲ್ಲಿಸಿ. ಸ್ವಿಂಗ್ ಬೇರಿಂಗಿನ ಒಳ ಮತ್ತು ಹೊರ ರಿಂಗಿಗೆ ಸೇರಿಸಿ ಒಂದು ಗೆರೆ ಎಳೆಯಿರಿ. ಐದು ನಿಮಿಷದಲ್ಲಿ ಗೆರೆ ಕದಲಬಾರದು. ಕದಲಿದರೆ ಬ್ರೇಕ್ ಡಿಸ್ಕ್ ಸವೆದಿದೆ ಅಥವಾ ಸ್ಪ್ರಿಂಗ್ ಸೋತಿದೆ. ಈ ಪರೀಕ್ಷೆ ಮಾಡುವಾಗ ಬಕೆಟ್ ಬರಬಹುದಾದ ದಿಕ್ಕಿನಲ್ಲಿ ಯಾರೂ ನಿಲ್ಲಬಾರದು.

ಗದಗ ಕ್ವಾರಿ:
ಆತ್ರಿ. ಹೊಸ ಕಾರ್ಟ್ರಿಜ್ ಹಾಕಿದ್ವಿ: ಎಡಕ್ಕ 287, ಬಲಕ್ಕ 285. ಮೂರು ಸುತ್ತು ಎರಡೂ ಕಡೆ ಸಮ. ಬ್ರೇಕ್ ಗೆರಿ ಕದಲಿಲ್ಲ. ಗ್ರೀಸ್ ತೊಟ್ಟಿ ಮುಚ್ಚಳ ತಗದ್ರ ಮ್ಯಾಲಿನ ಗ್ರೀಸ್ ಬೆಳ್ಳಗ ಆಗೇತಿ, ಅದನ್ನೇನು ಮಾಡೋದು?

ಆಯಿಲ್ ಬ್ಯಾರಲ್:
ಬೆಳ್ಳಗ ಅಂದ್ರ ಮಳಿ ನೀರು ಹೊಕ್ಕೈತಿ. ತಳದ ಪ್ಲಗ್ ಬಿಚ್ಚಿ ಹಳೇ ಗ್ರೀಸ್ ಪೂರ್ತಿ ತಗೀರಿ, ಮುಚ್ಚಳದ ಗ್ಯಾಸ್ಕೆಟ್ ಮತ್ತ ಸೆಂಟರ್ ಜಾಯಿಂಟ್ (ಮ್ಯಾಲಿನ ಭಾಗದಿಂದ ಟ್ರ್ಯಾಕಿಗೆ ಆಯಿಲ್ ದಾಟಸೋ ತಿರಗೋ ಜೋಡಣೆ) ಸುತ್ತಲಿನ ಸೀಲ್ ನೋಡಿ ಹೊಸ ಗ್ರೀಸ್ ತುಂಬ್ರಿ. ಹಾಕಿದ ಹೊಸ ರಿಟರ್ನ್ ಫಿಲ್ಟರನ್ನ 50 ಗಂಟೆಗೆ ತಗದು ಕತ್ತರಿಸಿ ನೋಡ್ರಿ. ಮರಳು ಇನ್ನೂ ಬರಾಕತ್ತಿದ್ರ ಆಯಿಲ್ ಪೂರ್ತಿ ಇಳಿಸಿ, ಟ್ಯಾಂಕ್ ತೊಳದು, ಸಕ್ಷನ್ ಸ್ಟ್ರೇನರ್ ಸ್ವಚ್ಛ ಮಾಡಿ ಹೊಸಾದು ಹಾಕೋದ.